ಹತ್ತು ಟೈರಿನ ಸಂಸಾರ

ಸೀರೆ ಕೊಂಡರೆ ಅಂಚು ಮುಟ್ಟಿ ನೋಡುತ್ತಾರೆ. ಮನೆ ಕಟ್ಟಿಸಿದರೆ ಗೃಹಪ್ರವೇಶದ ಊಟಕ್ಕಾದರೂ ಬರುತ್ತಾರೆ. ಟೈರು ಕೊಂಡವನನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ. ಕೈಹಿಡಿದು ಕರೆದೊಯ್ದು ತೋರಿಸಿದರೂ, "ಮೊದಲೂ ಕಪ್ಪಗೇ ಇತ್ತಲ್ಲ?" ಎನ್ನುತ್ತಾರೆ. ನಾನಂತೂ ಸ್ಟೆಪ್ನಿಗಳನ್ನು ಬಿಟ್ಟು ಹತ್ತು ಟೈರಿನ ಯಜಮಾನ.

ಮೈಸೂರು ಬಿಟ್ಟು ಟೆಕ್ಸಾಸಿನಲ್ಲಿ ನೆಲೆಯೂರಿದ ನಾವು, ನಿವೃತ್ತಿಯಾದ ಮೇಲೆ ಇಲ್ಲಿಯವರ ಹಾಗೇ ಮನೆಯನ್ನು ಟ್ರಕ್ಕಿಗೆ ಸಿಕ್ಕಿಸಿಕೊಂಡು ಊರೂರು ತಿರುಗುತ್ತೇವೆ. ನಮ್ಮದು ಫಿಫ್ತ್ ವೀಲ್ ಟ್ರೇಲರ್. ಬೇರೆ ಟ್ರೇಲರುಗಳು ಬಂಪರಿನ ಹಿಂದೆ ಜೋತುಬಿದ್ದು ಬಂದರೆ, ಇದು ಟ್ರಕ್ಕಿನ ತೊಟ್ಟಿಯೊಳಗೆ, ಹಿಂದಿನ ಆಕ್ಸಲಿನ ನೆತ್ತಿಯ ಮೇಲೆ ಮೂತಿಯೂರಿ ಕೂರುತ್ತದೆ. ಒಳಗೆ ಮಂಚ, ಸೋಫಾ, ಬಚ್ಚಲು, ಫ್ರಿಜ್ಜು ಮತ್ತು ನನ್ನವಳ ವೆಟ್ ಗ್ರೈಂಡರು. ಟ್ರೇಲರಿಗೆ ನಾಲ್ಕು ಟೈರು, ಹಿಂದೆ ಜೋಡಿಚಕ್ರವಿರುವ ಟ್ರಕ್ಕಿಗೆ ಆರು.

ಹತ್ತೂ ಒಟ್ಟಿಗೆ ಸವೆದಿದ್ದರೆ ಒಂದೇ ಸಲ ಅತ್ತು ಮುಗಿಸಬಹುದಿತ್ತು. ಹಾಗಾಗುವುದಿಲ್ಲ. ಟ್ರಕ್ಕಿನ ಟೈರು ಓಡಿ ಓಡಿ ಸವೆಯುತ್ತದೆ, ಟ್ರೇಲರಿನದು ನಿಂತಲ್ಲೇ ಮುದಿಯಾಗುತ್ತದೆ. ಬಿಸಿಲಿಗೆ ರಬ್ಬರು ಒಣಗಿ ಪಕ್ಕೆಯಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಮೇಲಿನ ಪಟ್ಟೆಗಳು ಮಾತ್ರ ನಿನ್ನೆ ಕೊಂಡಷ್ಟು ಆಳ! ಸವೆಯಲಿ ಬಿಡಲಿ, ಐದಾರು ವರ್ಷಕ್ಕೆ ಬದಲಿಸಿ ಎಂದು ಬಲ್ಲವರು ಹೇಳುವುದು ಇದಕ್ಕೇ.

ವಯಸ್ಸು ತಿಳಿಯಲು ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಬೇಕು. 2318 ಎಂದಿದ್ದರೆ 2018ರ 23ನೇ ವಾರ ಹುಟ್ಟಿದ್ದು. ನಕ್ಷತ್ರವನ್ನೂ ಕೊಟ್ಟಿದ್ದರೆ ಜಾತಕ ಬರೆಸಬಹುದಿತ್ತು. ಆದರೆ ಈ ಪೂರ್ತಿ ಸಾಲು ಟೈರಿನ ಒಂದು ಪಕ್ಕದಲ್ಲಿದ್ದರೆ ಸಾಕೆಂಬ ನಿಯಮವಿದೆ, ಆ ಪಕ್ಕ ಒಳಮುಖವಾಗಿಯೇ ಕೂತಿರುತ್ತದೆ. ಹಾಗಾಗಿ ಚಾಪೆ ಹಾಸಿ, ಮೊಬೈಲಿನ ಟಾರ್ಚು ಹಿಡಿದು ಟ್ರೇಲರಿನ ಅಡಿಗೆ ತೆವಳಿದೆ. ಹೊರಗೆ ಇವಳು ನೋಟ್ ಪುಸ್ತಕ ಹಿಡಿದು ನಿಂತಿದ್ದಳು.

"ಎರಡು, ಮೂರು, ಒಂದು... ಕೊನೇದು ಮೂರೋ ಎಂಟೋ, ಮಣ್ಣು ಮೆತ್ತಿದೆ ಕಣೇ."

"ಸರಿಯಾಗಿ ಉಜ್ಜಿ ನೋಡ್ರೀ. ಎಂಟಾದ್ರೆ ಟೈರು ಬದಲಾಯಿಸೋಣ. ಮೂರಾದ್ರೆ ಮೊದಲು ನಂಜನಗೂಡಿಗೆ ಹೋಗಿ ಹರಕೆ ತೀರಿಸಿಬರೋಣ."

ಎಂಟೇ ಇತ್ತು. ನಂಜುಂಡೇಶ್ವರ ಬಚಾವಾದ.

ಮುಂದಿನ ಪ್ರಶ್ನೆ ಭಾರದ್ದು. ಅಮೆರಿಕದ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜುಗಳಿವೆ. ಅಲ್ಲಿ ತೂಗಿಸಿದಾಗ ಟ್ರೇಲರಿನ ಚಕ್ರಗಳ ಮೇಲೆ ಬಿದ್ದ ಭಾರ ಸುಮಾರು 5,260 ಕಿಲೋ, ಅಂದರೆ ಟೈರಿಗೆ 1,315. ಲಘು ಟ್ರಕ್ಕಿನ ಎಲ್‌ಟಿ ಜಾತಿಯಲ್ಲಿ ನಮ್ಮ 16 ಇಂಚಿನ ರಿಮ್ಮಿಗೆ ಹೊಂದುವ 235/85 ಅಳತೆಯ ಇ ದರ್ಜೆಯದು ಹೊರುವುದು ಸುಮಾರು 1,380 ಕಿಲೋ. ಟ್ರೇಲರಿಗೆಂದೇ ಮಾಡಿದ ಎಸ್‌ಟಿ ಜಾತಿಯ 235/80, ಅದೇ ಇ ದರ್ಜೆಯದು, 80 ಪಿಎಸ್‌ಐ ಗಾಳಿಯಲ್ಲಿ ಸುಮಾರು 1,550 ಹೊರುತ್ತದೆ.

"ಎಲ್‌ಟಿಯಲ್ಲೂ 65 ಕಿಲೋ ಮಿಗುತ್ತದಲ್ಲ" ಎಂದೆ.

"ನೀರಿನ ಟ್ಯಾಂಕು ತುಂಬಿಸಿದ್ರೆ?" ಎಂದಳು.

ಅವಳು ಕೇಳಿದ್ದು ನ್ಯಾಯವೇ. ಸಾಲದ್ದಕ್ಕೆ, ಭಾರವೇನೂ ನಾಲ್ಕೂ ಟೈರಿಗೆ ಸಮನಾಗಿ ಹಂಚಿಕೊಂಡು ಕೂರುವುದಿಲ್ಲ. ಅಡಿಗೆಮನೆಯಿರುವ ಕಡೆ ಹೆಚ್ಚು. ನಮ್ಮ ಟ್ರೇಲರಿನಲ್ಲಿ ಗ್ರೈಂಡರು ಎತ್ತಲೋ ಭೂಮಿಯೂ ಅತ್ತಲೇ. ಇಕ್ಕಟ್ಟಿನ ಜಾಗದಲ್ಲಿ ತಿರುಗಿಸುವಾಗಲಂತೂ ಒಂದರ ಹಿಂದೊಂದಿರುವ ಎರಡು ಆಕ್ಸಲುಗಳು ಒಟ್ಟಿಗೆ ತಿರುಗಲಾರದೆ, ಜಾತ್ರೆಯಲ್ಲಿ ಆಟಿಕೆ ಅಂಗಡಿ ಬಿಟ್ಟು ಬರಲೊಲ್ಲದ ಮಗುವಿನ ಹಾಗೆ ಟೈರುಗಳು ಅಡ್ಡಡ್ಡ ಉಜ್ಜಿಕೊಂಡು ಬರುತ್ತವೆ. ಎಸ್‌ಟಿ ಟೈರಿನ ಪಕ್ಕೆ ಗಡುಸಾಗಿರುವುದು ಈ ಎಳೆದಾಟಕ್ಕಾಗಿ.

ಎಸ್‌ಟಿ ಎಂದು ತೀರ್ಮಾನವಾದ ಮೇಲೆ ಯಾವ ಕಂಪನಿ? ಕ್ಯಾಂಪಿನಲ್ಲಿ ಈ ಮಾತೆತ್ತಿದರೆ ಸಾಕು, ಕುರ್ಚಿಗಳು ತಾವಾಗಿ ಹತ್ತಿರ ಸರಿಯುತ್ತವೆ. ಟ್ರೇಲರಿನ ಜೊತೆಗೇ ಬರುವ ಅಗ್ಗದ ಟೈರಿಗೆ ಇಲ್ಲಿಯವರು ಇಟ್ಟ ಹೆಸರು ಚೀನಾ ಬಾಂಬ್. ಅವರಲ್ಲೊಬ್ಬರು 2017ರಲ್ಲಿ ಬಂದ ಗುಡ್‌ಇಯರ್ ಎಂಡ್ಯೂರೆನ್ಸ್ ಅಮೆರಿಕದಲ್ಲೇ ತಯಾರಾಗುತ್ತದೆಂದು ಎದೆ ತಟ್ಟಿಕೊಂಡರು. ಇನ್ನೊಬ್ಬರು 110 ಪಿಎಸ್‌ಐ ಗಾಳಿ ಬೇಡುವ ಜಿ ದರ್ಜೆಯ ಸೈಲುನ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಅದು ಚೀನಾದ್ದೇ ಅಲ್ಲವೇ ಎಂದರೆ, "ಇದು ಬಾಂಬಲ್ಲ" ಎಂದಷ್ಟೇ ಹೇಳಿ ಬಿಯರ್ ಗುಟುಕರಿಸುತ್ತಾರೆ. ಒಬ್ಬೊಬ್ಬರ ಸಲಹೆಯನ್ನೂ ಕೆದಕುತ್ತ ಹೋದರೆ ಕೊನೆಗೆ ಅವರ ಟೈರು ಸಿಡಿದ ಜಾಗ ಸಿಗುತ್ತದೆ. ಅರಿಜೋನಾದಲ್ಲಿ ಸಿಡಿದವರದು ಒಂದು ಮತ, ಟೆನೆಸ್ಸಿಯಲ್ಲಿ ಸಿಡಿದವರದು ಇನ್ನೊಂದು.

ಟ್ರಕ್ಕಿಗೆ ಎಲ್‌ಟಿಯೇ ಸರಿ, ಅದರಲ್ಲಿ ವಾದವಿಲ್ಲ. ಹೆದ್ದಾರಿಯದೋ, ಕಲ್ಲುಮಣ್ಣಿಗೂ ಆಗುವ ಆಲ್ ಟೆರೇನೋ ಎಂಬುದಷ್ಟೇ ಜಗಳ. ಮೂರು ಶಿಖರದ ನಡುವೆ ಹಿಮದ ಹರಳಿನ ಗುರುತಿದ್ದರೆ ಹಿಮದಲ್ಲೂ ಹಿಡಿತವಿರುತ್ತದೆ. ಜೋಡಿಚಕ್ರದ ಟೈರಿನ ಮೇಲೆ ಭಾರದ ಅಂಕಿ ಎರಡು: ಒಂಟಿಯಾಗಿ ಹೊರುವುದು ಹೆಚ್ಚು, ಜೋಡಿಯಾಗಿ ಹೊರುವುದು ಕಡಿಮೆ. ಇದನ್ನು ಓದಿ ಹೇಳಿದ್ದಕ್ಕೆ ಇವಳು, "ಇದರಲ್ಲಿ ಹೊಸದೇನಿದೆ?" ಎಂದಳು.

ಅಂಗಡಿಯವನ ಹತ್ತಿರ ಇನ್ನೂ ಎರಡು ಮಾತು ಬಾಯಿಬಿಟ್ಟು ಹೇಳಬೇಕು. ಮಾಮೂಲಿ ರಬ್ಬರು ವಾಲ್ವು 65 ಪಿಎಸ್‌ಐಗಷ್ಟೇ ಲಾಯಕ್ಕು, 80 ತುಂಬುವುದಾದರೆ ಲೋಹದ್ದು ಹಾಕಿಸಬೇಕು. ಐವತ್ತು ಮೈಲಿ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು. ಮೈಸೂರಿನ ಲಾರಿ ಕ್ಲೀನರುಗಳು ರಾಡು ಹಿಡಿದು ಟೈರಿಗೆ ಬಡಿದು, ಸದ್ದಿನಲ್ಲೇ ಗಾಳಿ ಅಂದಾಜು ಮಾಡುತ್ತಿದ್ದರು. ಇಲ್ಲಿ ಅದೇ ಕೆಲಸಕ್ಕೆ ಟ್ರಕ್ ನಿಲ್ದಾಣಗಳಲ್ಲಿ ಮರದ ದೊಣ್ಣೆಗೆ ಹಿಡಿ ಕೆತ್ತಿ ಡಾಲರಿಗೆ ಮಾರುತ್ತಾರೆ. ನಾನು ಮಾತ್ರ ಪ್ರೆಶರ್ ಗೇಜನ್ನೇ ನಂಬಿದ್ದೇನೆ.

ಇನ್ನು ವೇಗ. ಬೇರೆ ಗುರುತಿಲ್ಲದ ಎಸ್‌ಟಿ ಟೈರಿಗೆ ಗಂಟೆಗೆ 65 ಮೈಲಿಯೇ ಗಡಿ ಎಂಬುದು ಹಳೆಯ ವಾಡಿಕೆ. ಟೆಕ್ಸಾಸಿನ 130ನೇ ಹೆದ್ದಾರಿಯ ಒಂದು ಭಾಗದಲ್ಲಿ 85ಕ್ಕೆ ಅನುಮತಿಯಿದೆ. ಅಲ್ಲಿ ನಮ್ಮನ್ನು ಹಿಂದೆ ಹಾಕದವರೇ ಇಲ್ಲ. ಕೆಲವರು ಕೈ ಬೀಸುತ್ತಾರೆ, ಎಲ್ಲ ಬೆರಳೂ ಇರುವುದಿಲ್ಲ.

ಇಷ್ಟೆಲ್ಲ ಮಾಡಿ ಒಳ್ಳೆಯ ಟೈರು ಹಾಕಿಸಿದ್ದರಿಂದ ಆದ ನಷ್ಟ ಒಂದೇ. ಸಂಜೆ ಬೆಂಕಿಯ ಸುತ್ತ ಕೂತಾಗ ಅಗ್ಗದ ಟೈರಿನವರು ಅದು ಸಿಡಿದದ್ದು, ಚಿಂದಿಯಾದ ರಬ್ಬರು ಫೆಂಡರನ್ನು ಕಿತ್ತು ವೈರು, ಪೈಪುಗಳನ್ನೆಲ್ಲ ಹರಿದದ್ದು ಎಂದು ಮೈನವಿರೇಳಿಸುತ್ತಾರೆ. ನನ್ನ ಸರದಿ ಬಂದಾಗ ಹೇಳಲು ಏನೂ ಇಲ್ಲ. "ಟೈರು ಆರಿಸಿದ ಕಥೆಯನ್ನೇ ಹೇಳಲೇನೇ?" ಎಂದು ಇವಳನ್ನು ಕೇಳಿದೆ. "ಹೇಳ್ರೀ" ಎಂದಳು, "ಹೇಗೂ ಎಲ್ಲರಿಗೂ ನಿದ್ದೆ ಬರೋ ಹೊತ್ತಾಯ್ತು."