ಹತ್ತರಲ್ಲಿ ಒಂಬತ್ತು ಮಂದಿಗೆ ಒಂದು ಬಹಿರಂಗ ಪತ್ರ

ಕಾಣದ ಒಂಬತ್ತು ಮಂದಿಗೆ,



ಮಗ ಬೀದರಿನಿಂದ ತಂದ ಪ್ರೋಟೀನ್ ಪುಡಿ ಡಬ್ಬಿಯ ಮೇಲೆ ನಿಮ್ಮ ಪರಿಚಯವಾಯಿತು: ‘ಬಳಸಿದ ಹತ್ತರಲ್ಲಿ ಒಂಬತ್ತು ಮಂದಿಗೆ ಮೊಣಕಾಲು ಹಗುರ’. ಪಕ್ಕದಲ್ಲೊಂದು ಚಿಕ್ಕಿ. ಆ ಚಿಕ್ಕಿಯ ಬೆನ್ನು ಹತ್ತಿ ಡಬ್ಬಿ ತಿರುಗಿಸಿದರೆ, ತಳದಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರ: ‘ಕಂಪನಿ ನಡೆಸಿದ ಬಳಕೆದಾರರ ಪರೀಕ್ಷೆ’. ಮೊಮ್ಮಗಳು ಮೊಬೈಲಿನಲ್ಲಿ ಫೋಟೋ ಹೊಡೆದು ಹಿಗ್ಗಿಸಿ ಓದಿದಳು. ಅದರ ಕೆಳಗೆ ಇನ್ನೊಂದು ಸಾಲು, ಇದು ಔಷಧವಲ್ಲ ಎಂದು. ಮುಂದೆ ಮೊಣಕಾಲು, ಹಿಂದೆ ಔಷಧವಲ್ಲ. ವಕೀಲರ ಮನೆಯ ಕೂಸೇ ಇರಬೇಕು ಈ ಡಬ್ಬಿ.

ಎರಡು ತಿಂಗಳು ಕುಡಿದೆ. ಮೊಣಕಾಲು ಇದ್ದಲ್ಲೇ ಇದೆ.

ಔರಾದದಿಂದ ಬಸ್ಸು ಹತ್ತಿ ಬೀದರಿಗೆ ಹೋದೆ. ಅಂಗಡಿಯವ, ‘ಕಾಕಾ, ನಾವು ಮಾರೋರು, ಕುಡಿಯೋರಲ್ಲ’ ಅಂದ. ಒಂದು ಕಚೇರಿಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಕೂತೆ. ಕಡೆಗೆ ತಿಳಿದದ್ದು: 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಮಿನಂತೆ ಕೊಂಡವ ಯಾರೇ ಆಗಲಿ, ಶುಲ್ಕ ಕಟ್ಟಿ ಪದಾರ್ಥ ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ ಅಂಗಡಿಯವನಿಗೆ ಹಾಗಂತ ಹೇಳಿರಬೇಕು. ಅಂದರೆ ದುಡ್ಡು ಎಣಿಸುವಾಗಲೇ ‘ಅಣ್ಣಾ, ನಿನ್ನ ಮಾಲಿನ ಮೇಲೆ ನನಗೆ ಸಂಶಯ’ ಅನ್ನಬೇಕಿತ್ತು. ಮಗ ಅನ್ನಲಿಲ್ಲ. ಅಂದಿದ್ದರೂ ಪ್ರಯೋಗಾಲಯ ಪುಡಿಯಲ್ಲಿ ಏನಿದೆ ಅಂತ ಹೇಳೀತು. ನಿಮ್ಮ ಹದಿನೆಂಟು ಮೊಣಕಾಲಿನ ಲೆಕ್ಕ ಯಾರು ಹೇಳಬೇಕು?

ಭಾಲ್ಕಿಯ ಬೀಗರ ಮನೆಯಲ್ಲಿ ಅದೇ ಡಬ್ಬಿ ಇದೆ ಎಂದು ಕೇಳಿ, ನಿಮ್ಮಲ್ಲೊಬ್ಬರು ಸಿಕ್ಕರು ಅಂತ ಅಲ್ಲಿಗೂ ಹೋದೆ. ಡಬ್ಬಿಯಲ್ಲಿ ಜೀರಿಗೆ ಇತ್ತು.

ಇಂಥ ಪರೀಕ್ಷೆ ಬಹಳಷ್ಟು ಸಲ ಹೀಗಿರುತ್ತದಂತೆ: ಪುಕ್ಕಟೆ ಡಬ್ಬಿ ಕೊಡುವುದು, ತಿಂಗಳು ಬಿಟ್ಟು ‘ಹಗುರ ಅನಿಸಿತೇ?’ ಎಂದು ಕೇಳುವುದು. ಅದೇ ಬಣ್ಣದ ಬರೀ ಹಿಟ್ಟನ್ನು ಇನ್ನೂ ಹತ್ತು ಮಂದಿಗೆ, ಹೇಳದೆ ಕೊಟ್ಟು ಹೋಲಿಸಿ ನೋಡುವ ತೊಂದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಪುಕ್ಕಟೆ ಉಂಡವ ಸಾರಿಗೆ ಉಪ್ಪಿಲ್ಲ ಅಂದದ್ದು ನೀವು ಎಂದಾದರೂ ಕೇಳಿದ್ದೀರಾ?

ನಾಲಿಗೆಯ ಪರೀಕ್ಷೆ ನಮಗೇನೂ ಹೊಸದಲ್ಲ. ಬಿದ್ರಿ ಕುಶಲಕರ್ಮಿ ಕೋಟೆಯ ಮಣ್ಣನ್ನು ನಾಲಿಗೆಗೆ ಇಟ್ಟು ನೋಡುತ್ತಾನೆ. ಅವನ ನಾಲಿಗೆ ತಪ್ಪಿದರೆ ಹೂಜಿ ಕಪ್ಪಾಗುವುದಿಲ್ಲ, ನಷ್ಟ ಅವನದೇ. ನಿಮ್ಮ ನಾಲಿಗೆ ತಪ್ಪಿದರೆ ನಷ್ಟ ನನ್ನದು. ಹೋರಿ ಕೊಳ್ಳುವ ನಮ್ಮ ರೈತ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹತ್ತರಲ್ಲಿ ಒಂಬತ್ತು ಹೋರಿಗಳಿಗೆ ಮಾಲೀಕ ಒಳ್ಳೆಯವ ಅನಿಸಿದೆ ಅಂದರೆ ದುಡ್ಡು ಬಿಚ್ಚುತ್ತಾನೆಯೇ?

2024ರಲ್ಲಿ ಕೇರಳದ ಯಕೃತ್ ವೈದ್ಯರೊಬ್ಬರ ತಂಡ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ತಂದು ಪರೀಕ್ಷೆ ಮಾಡಿಸಿತು. 25ರಲ್ಲಿ ಡಬ್ಬಿ ಹೇಳಿದ ಪ್ರೋಟೀನಿಗೂ ಒಳಗಿದ್ದಕ್ಕೂ ತಾಳೆಯಾಗಲಿಲ್ಲ. ಕೆಲವುಗಳಲ್ಲಿ ಬೂಷ್ಟಿನಿಂದ ಹುಟ್ಟುವ ವಿಷವೂ ಸಿಕ್ಕಿತು. ಅಲ್ಲಿ ಯಾರಿಗೆ ಏನು ಅನಿಸಿತು ಅಂತ ಕೇಳಲಿಲ್ಲ, ಅಳೆದರು. 2018ರ ಆಹಾರ ಜಾಹೀರಾತು ನಿಯಮವೂ ಇಂಥ ಹೇಳಿಕೆಗೆ ವೈಜ್ಞಾನಿಕ ಆಧಾರ ಬೇಕು ಅನ್ನುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡವಿದೆ. ಇದೆಯಲ್ಲ, ಮತ್ತೇನು ಬೇಕು? ದಂಡ ಪುಸ್ತಕದಲ್ಲಿ, ಡಬ್ಬಿ ಕಪಾಟಿನಲ್ಲಿ, ನಾನು ಬಸ್ ಸ್ಟ್ಯಾಂಡಿನಲ್ಲಿ.

ಸಿಟ್ಟು ಬರುತ್ತದೆ, ಬರಬಾರದೇ? ತೊಗರಿ, ಹೆಸರು, ಉದ್ದು ಬೆಳೆಯುವ ಜಿಲ್ಲೆ ಇದು. ಹೊಲದ ಬೇಳೆ ಮಾರಿ ಆ ದುಡ್ಡಿನಲ್ಲಿ ಈ ಪುಡಿ ಕೊಂಡೆವು. ಇದಕ್ಕಿಂತ ದೊಡ್ಡ ಹುಚ್ಚುತನ ಉಂಟೇ!

ಕೊನೆಗೆ ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಹಾಡು ಕೇಳಿಸಿದರು. ಆಮೇಲೆ ಒಬ್ಬ ಹುಡುಗಿ ನನ್ನ ಗೋಳನ್ನೆಲ್ಲ ತಾಳ್ಮೆಯಿಂದ ಕೇಳಿ, ‘ಅಂಕಲ್, ಮಾತಾಡಿದ ಮೇಲೆ ಈಗ ಹಗುರ ಅನಿಸ್ತಾ?’ ಅಂದಳು. ಹೆಣ್ಣುಮಗು, ಮರ್ಯಾದೆಯಿಂದ ಕೇಳಿದಳು. ‘ಹೂಂ ತಾಯಿ’ ಅಂದುಬಿಟ್ಟೆ. ಮರುಕ್ಷಣವೇ ಮೆಸೇಜು ಬಂತು: ನಿಮ್ಮ ಅಭಿಪ್ರಾಯ ದಾಖಲಾಗಿದೆ, ಧನ್ಯವಾದ.

ಅಂದಿನಿಂದ ನಿದ್ದೆ ಇಲ್ಲ. ನಿಮ್ಮ ಒಂಬತ್ತರಲ್ಲಿ ನನ್ನನ್ನೂ ಎಣಿಸಿದ್ದರೆ ದಯವಿಟ್ಟು ತೆಗೆದುಹಾಕಿಸಿ. ಆ ‘ಹೂಂ’ ಹುಡುಗಿಗೆ ಹೇಳಿದ್ದು, ಮೊಣಕಾಲು ಹೇಳಿದ್ದಲ್ಲ.

ಇಂತಿ,
ಹತ್ತನೆಯವ, ಔರಾದ

ತಾ.ಕ.: ಮುಚ್ಚಳ ಮಾತ್ರ ಗಟ್ಟಿ ಇದೆ. ಜೀರಿಗೆ ತುಂಬಿದ್ದೇವೆ.