ಹೋಗಲಿ, ಆದರೆ ಪೂರ್ತಿ ಹೋಗದಿರಲಿ

ಬೆಂಗಳೂರಿನ ವಿಜಯನಗರದ ಒಂದು ಮನೆ, ಗೋದ್ರೆಜ್ ಬೀರು, ಅದರೊಳಗಿನ ಲಾಕರ್. ಎಡಕ್ಕೆ ಎಲ್‌ಐಸಿ ಬಾಂಡು, ಬಲಕ್ಕೆ ತಿಪಟೂರು ಕಡೆಯ ತೆಂಗಿನ ತೋಟದ ಪಹಣಿ. ನಡುವೆ ಒಂಬತ್ತು ವರ್ಷದಿಂದ ಮಲಗಿರುವ ಕಡುನೀಲಿ ಪಾಸ್‌ಪೋರ್ಟ್. ಇದರ ಯಜಮಾನರು ಸಾಫ್ಟ್‌ವೇರ್ ಎಂಜಿನಿಯರು, ವಯಸ್ಸು 34. ವಿದೇಶಕ್ಕೆ ಹೋಗುವುದೋ ಬೇಡವೋ ಎಂದು ಮದುವೆಗೆ ಮುಂಚಿನಿಂದ ಯೋಚಿಸುತ್ತಿದ್ದಾರೆ. ಅವರನ್ನು ಕೇಳಿ ಪ್ರಯೋಜನವಿಲ್ಲವೆಂದು ಪಾಸ್‌ಪೋರ್ಟನ್ನೇ ಮಾತಿಗೆಳೆದೆವು.

ಪ್ರಶ್ನೆ: ಇಷ್ಟು ವರ್ಷದಲ್ಲಿ ಎಲ್ಲೆಲ್ಲಿ ಸುತ್ತಿ ಬಂದಿರಿ?

ಪಾಸ್‌ಪೋರ್ಟ್: ಬ್ಯಾಂಕಿಗೆ ಹೋಗಿದ್ದೀನಿ, ಅಡ್ರೆಸ್ ಪ್ರೂಫ್ ಅಂತ. ಗ್ಯಾಸ್ ಏಜೆನ್ಸಿಗೂ ಹೋಗಿದ್ದೀನಿ. ಹನಿಮೂನಿಗೆ ಬಾಲಿಗೆ ಕರಕೊಂಡು ಹೋಗಿದ್ರು, ಅದೊಂದು ಠಸ್ಸೆ ಇದೆ. ಉಳಿದ ಪುಟ ಎಲ್ಲ ಬಟಾಬಯಲು. ಮೊದಲ ಪುಟ ಮಾತ್ರ ಗಂಭೀರವಾಗಿದೆ ಸ್ವಾಮಿ. ಇವರನ್ನ ಅಡ್ಡಿ ಆತಂಕ ಇಲ್ಲದೆ ಹೋಗಲು ಬಿಡಿ ಅಂತ ರಾಷ್ಟ್ರಪತಿಗಳ ಹೆಸರಲ್ಲಿ ಕೋರಿಕೆ. ವೀಸಾ ಕಿಟಕಿಯ ಆಚೆ ಕೂತವರು ಆ ಪುಟ ಓದಿದ್ದನ್ನ ನಾನು ಕೇಳಿಲ್ಲ.

ಪ್ರಶ್ನೆ: ಯಜಮಾನರು ಯಾಕೆ ಇನ್ನೂ ನಿರ್ಧಾರ ಮಾಡಿಲ್ಲ?

ಪಾಸ್‌ಪೋರ್ಟ್: ಯಾರು ಹೇಳಿದ್ದು? ವಾರಕ್ಕೊಂದು ಮಾಡ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡ ದಿನ ಜರ್ಮನಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದಾಗ ಕೆನಡಾ. ಟ್ಯಾಂಕರ್ ಬಂತು, ಸ್ನಾನ ಆಯ್ತು, ಕೆನಡಾ ಮುಗೀತು.

ಪ್ರಶ್ನೆ: ಕೆನಡಾ ವಿಚಾರ ಸ್ವಲ್ಪ ಬಿಡಿಸಿ ಹೇಳಿ.

ಪಾಸ್‌ಪೋರ್ಟ್: ಅಲ್ಲಿ ವಲಸೆ ಹೋಗೋರಿಗೆ 2015ರಿಂದ ಎಕ್ಸ್‌ಪ್ರೆಸ್ ಎಂಟ್ರಿ ಅಂತ ಇದೆ. ಒಟ್ಟು 1,200 ಅಂಕ. ವಯಸ್ಸು, ಓದು, ಇಂಗ್ಲಿಷು, ಅನುಭವ, ಎಲ್ಲಕ್ಕೂ ಮಾರ್ಕ್ಸು. ಗಂಡ ಹೆಂಡತಿ ಜೊತೆಗೆ ಅರ್ಜಿ ಹಾಕಿದ್ರೆ 29ರವರೆಗೆ ವಯಸ್ಸಿಗೆ ಪೂರ್ತಿ 100. ಆಮೇಲೆ 40ರವರೆಗೆ ಹುಟ್ಟುಹಬ್ಬಕ್ಕೊಂದು ಐದು ಅಂಕ ಕಟ್. ಈ ಮನೇಲಿ ಕೇಕ್ ಕತ್ತರಿಸೋವಾಗ ಯಜಮಾನರ ಮುಖ ನೋಡಬೇಕು ನೀವು. ಈಗ 75ಕ್ಕೆ ಇಳಿದಿದ್ದಾರೆ.

ಪ್ರಶ್ನೆ: ಬೇರೆ ದಾರಿ ಇಲ್ಲವೇ?

ಪಾಸ್‌ಪೋರ್ಟ್: ಇದೆಯಲ್ಲ, ಪಕ್ಕದಲ್ಲೇ ಮಲಗಿದೆ. ಅಮ್ಮಾವ್ರ ಪಾಸ್‌ಪೋರ್ಟು. ಅವರಿಗೆ 29, ಅವರೂ ಐಟಿನೇ, ಐಇಎಲ್‌ಟಿಎಸ್‌ನಲ್ಲಿ ಗಂಡನಿಗಿಂತ ಮುಂದೆ. ಅವರು ಮುಖ್ಯ ಅರ್ಜಿದಾರರಾದ್ರೆ ಅಂಕ ತಾನಾಗೇ ಏರತ್ತೆ. ಏಜೆಂಟು ಹೇಳಿದ, ಎಕ್ಸೆಲ್ ಶೀಟೂ ಹೇಳ್ತು. ಯಜಮಾನರು ಲ್ಯಾಪ್‌ಟಾಪ್ ಮುಚ್ಚಿ, "ಅಲ್ಲಿ ಚಳಿ ಜಾಸ್ತಿ ಕಣೇ" ಅಂದ್ರು. ಹೆಂಡತಿ ಹಿಂದೆ ಅವಲಂಬಿತ ಅಂತ ಹೋದ್ರೆ ತಿಪಟೂರಲ್ಲಿ ಏನಂತಾರೆ ಅನ್ನೋ ಚಳಿ ಅದು.

ಪ್ರಶ್ನೆ: ಎಕ್ಸೆಲ್ ಶೀಟ್ ಕೂಡ ಇದೆಯೇ?

ಪಾಸ್‌ಪೋರ್ಟ್: ಇಬ್ಬರೂ ಸೇರಿ ಮಾಡಿದ್ದು. ಲಾಭ ನಷ್ಟ, ಸಾಲು ಸಾಲಾಗಿ. ‘ಅತ್ತೆ ಮಾವ ದೂರವಾಗುತ್ತಾರೆ’ ಅನ್ನೋ ಸಾಲನ್ನ ಅಮ್ಮಾವ್ರು ಲಾಭಕ್ಕೆ ಹಾಕಿದ್ರು. ಅದನ್ನೇ ಯಜಮಾನರು ‘ಅಪ್ಪ ಅಮ್ಮ’ ಅಂತ ತಿದ್ದಿ ನಷ್ಟಕ್ಕೆ ತಂದ್ರು. ಅವತ್ತಿಂದ ಆ ಫೈಲು ಯಾರೂ ತೆರೆದಿಲ್ಲ.

ಪ್ರಶ್ನೆ: ಅಮೆರಿಕ?

ಪಾಸ್‌ಪೋರ್ಟ್: (ನಕ್ಕು) ಪ್ರತಿಭೆಗೆ ಬೆಲೆ ಕೊಡೋ ದೇಶ ಅಂತ ಯಜಮಾನರು ಹೇಳ್ತಾನೇ ಇರ್ತಾರೆ. ಎಚ್-1ಬಿ ಅನ್ನೋ ಕೆಲಸದ ವೀಸಾ ವರ್ಷಕ್ಕೆ 65,000, ಅಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೊಂದು 20,000. ಹೆಸರು ಹೆಚ್ಚಾದ್ರೆ ಲಾಟರಿ. ಅಂದ್ರೆ ಪ್ರತಿಭೆಯನ್ನ ಚೀಟಿ ಎತ್ತಿ ಕಂಡುಹಿಡೀತಾರೆ. ಕಂಪನಿ ಇವರ ಹೆಸರು ಹಾಕಿತ್ತು, ಬರಲಿಲ್ಲ. ಆಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಅಂದ್ರು. ಆ ರಾತ್ರಿ ಯಜಮಾನರು ನನ್ನನ್ನ ಹೊರಗೆ ತೆಗೆದು, ನೋಡಿ, ಮತ್ತೆ ಒಳಗಿಟ್ರು. ಮುಖದಲ್ಲಿ ಬೇಜಾರಿತ್ತು, ಆದ್ರೆ ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದ್ರು. ತಾವು ಬೇಡ ಅನ್ನೋ ಕಷ್ಟ ತಪ್ಪಿತು, ಅವರೇ ಬೇಡ ಅಂದ್ರಲ್ಲ.

ಪ್ರಶ್ನೆ: ನಿಮ್ಮ ಆಸೆ ಏನು? ಹೋಗಲಿ ಅಂತಲೋ, ಇರಲಿ ಅಂತಲೋ?

ಪಾಸ್‌ಪೋರ್ಟ್: ಹೋಗಲಿ ಅಂತ. ಆದರೆ ಪೂರ್ತಿ ಹೋಗಬಾರದು. ನಮ್ಮ ದೇಶದಲ್ಲಿ ಎರಡು ಪೌರತ್ವ ಇಲ್ಲ. ಅವರು ಬೇರೆ ದೇಶದ ಪ್ರಜೆ ಆದ ದಿನ ನನ್ನನ್ನ ಒಪ್ಪಿಸಬೇಕು, ನನ್ನ ಮೇಲೆ ರದ್ದು ಅಂತ ಬೀಳತ್ತೆ. ಅದಕ್ಕೇ ನನಗೆ ಅಮೆರಿಕದ ಗ್ರೀನ್ ಕಾರ್ಡ್ ಸಾಲು ಕಂಡ್ರೆ ಬಲು ಪ್ರೀತಿ. ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಕೊಡಲ್ಲ ಅನ್ನೋದು ಅಲ್ಲಿನ ಕಾನೂನು. ನಾಲ್ಕು ಲಕ್ಷ ಜನ ಇರೋ ಐಸ್‌ಲ್ಯಾಂಡಿಗೂ 140 ಕೋಟಿ ಇರೋ ನಮಗೂ ಅದೇ ಮಿತಿ. 2025ರಲ್ಲಿ ನಮ್ಮ ಐಟಿಯವರ ಪೈಕಿ ಅವರು ವಿಚಾರಿಸ್ತಿದ್ದದ್ದು 2013ರ ಸುಮಾರಿಗೆ ಅರ್ಜಿ ಹಾಕಿದವರನ್ನ. ನನ್ನ ಆಯುಸ್ಸು ಹತ್ತೇ ವರ್ಷ. ಆ ಸಾಲಿನಲ್ಲಿ ನಾನು ಸತ್ತು, ನನ್ನ ಮಗ ಹುಟ್ಟಿ, ಅವನೂ ಮುದುಕ ಆಗಬಹುದು. ವಂಶ ಬೆಳೆಯೋಕೆ ಅಂಥ ಜಾಗ ಇನ್ನೆಲ್ಲಿದೆ?

ಪ್ರಶ್ನೆ: ಅಲ್ಲಿ ನಿಂತವರ ಕಷ್ಟ?

ಪಾಸ್‌ಪೋರ್ಟ್: ಗೊತ್ತು. ಕೆಲಸ ಹೋದ್ರೆ 60 ದಿನದಲ್ಲಿ ಇನ್ನೊಂದು ಹುಡುಕಬೇಕು. ಚಿಕ್ಕಂದಿನಲ್ಲಿ ಕರಕೊಂಡು ಹೋದ ಮಗಳಿಗೆ 21 ಆದ್ರೆ ಅಪ್ಪನ ವೀಸಾದಿಂದ ಹೊರಗೆ. ಇದನ್ನೆಲ್ಲ ಸಹಿಸ್ತಾರೆ, ಯಾಕೆ ಅಂದ್ರೆ ಸಾಲಲ್ಲಿ ನಿಂತಷ್ಟು ದಿನ ‘ಎರಡು ವರ್ಷ, ಆಮೇಲೆ ವಾಪಸ್’ ಅನ್ನಬಹುದು. ಇಲ್ಲಿ ನಮ್ಮ ಯಜಮಾನರು ಬೀರು ಮುಂದೆ ಮಾಡೋದನ್ನೇ ಅವರು ಡಲ್ಲಾಸ್‌ನಲ್ಲಿ ಮಾಡ್ತಾರೆ. ಬಾಡಿಗೆ ಮಾತ್ರ ಡಾಲರ್‌ನಲ್ಲಿ.

ಪ್ರಶ್ನೆ: ಪಕ್ಕದ ಪಹಣಿ ಏನನ್ನುತ್ತದೆ?

ಪಾಸ್‌ಪೋರ್ಟ್: ಅದಕ್ಕೆ ಜಂಭ. ನಾಳೆ ಬೇರೆ ದೇಶದ ಪ್ರಜೆಯಾಗಿ ಓಸಿಐ ಕಾರ್ಡ್ ಹಿಡಿದು ಬಂದ್ರೆ ಅಪ್ಪ ಬಿಟ್ಟ ತೋಟ ಇಟ್ಟುಕೊಳ್ಳಬಹುದು, ಹೊಸದಾಗಿ ಒಂದು ಗುಂಟೆ ಹೊಲ ಕೊಳ್ಳೋ ಹಾಗಿಲ್ಲ, ವೋಟೂ ಇಲ್ಲ ಅಂತ ಹೆದರಿಸತ್ತೆ. ಇಲ್ಲಿದ್ದಾಗ ಎಷ್ಟು ಗುಂಟೆ ಕೊಂಡ್ರು ಅಂತ ನಾನು ಕೇಳಿದೆ. ಮಾತು ಬಿಟ್ಟಿದೆ.

ಪ್ರಶ್ನೆ: ಮುಂದಿನ ವರ್ಷ ನಿಮ್ಮ ಅವಧಿ ಮುಗಿಯುತ್ತದೆ. ಆಮೇಲೆ?

ಪಾಸ್‌ಪೋರ್ಟ್: ರಿನ್ಯೂ ಮಾಡಿಸ್ತಾರೆ. 36 ಪುಟದ್ದಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ಯಜಮಾನರು 60ರದ್ದೇ ಬೇಕು ಅಂದಿದ್ದಾರೆ, ಹೋದ್ರೆ ಮೂರು ತಿಂಗಳಿಗೊಮ್ಮೆ ಊರಿಗೆ ಬರ್ತಾ ಇರಬೇಕಾಗತ್ತೆ ಅಂತ.

ಪ್ರಶ್ನೆ: ಅಮ್ಮಾವ್ರು?

ಪಾಸ್‌ಪೋರ್ಟ್: ಅವರು 36 ಸಾಕು ಅಂದ್ರು.