ಮನೆಯಲ್ಲಿ ಎಸ್ಪ್ರೆಸೊ: ಗಿಣಿಗೇರಾ ಕ್ರಮ

ನುಣ್ಣಗೆ ಬೀಸಿ ಬಿಲ್ಲೆಯಾಗಿ ಒತ್ತಿದ ಕಾಫಿಪುಡಿಯೊಳಗೆ 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ನುಗ್ಗಿಸಿದಾಗ ಇಳಿಯುವ ಗಟ್ಟಿ ಕಷಾಯವೇ ಎಸ್ಪ್ರೆಸೊ. ಪುಡಿ 18 ಗ್ರಾಂ, ಇಳಿಯಬೇಕಾದದ್ದು 36 ಗ್ರಾಂ, ಹಿಡಿಯಬೇಕಾದ ಹೊತ್ತು 25ರಿಂದ 30 ಸೆಕೆಂಡು. ಹೊರನಾಡ ಕನ್ನಡ ಮನೆಗಳಲ್ಲಿ ಈ ಲೆಕ್ಕಕ್ಕೆ ಇನ್ನೆರಡು ಸೇರುತ್ತವೆ: ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ರಿಯಾಯಿತಿ ಮತ್ತು ಆರು ತಿಂಗಳ ಮಟ್ಟಿಗೆ ಊರಿನಿಂದ ಬಂದ ತಂದೆತಾಯಿ. ಮೊದಲನೆಯದು ಯಂತ್ರವನ್ನು ಮನೆಗೆ ತರುತ್ತದೆ, ಎರಡನೆಯದು ಅದಕ್ಕೆ ಕೆಲಸ ಕಲಿಸುತ್ತದೆ.

ಆ ಊರು ಕೊಪ್ಪಳ–ಹೊಸಪೇಟೆ ರಸ್ತೆಯ ಗಿಣಿಗೇರಾ ಆಗಿದ್ದರೆ ಕಾಫಿಯ ಪೂರ್ವಸಂಸ್ಕಾರವನ್ನು ನಿರೀಕ್ಷಿಸಬಾರದು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಬೆಳೆಯುವುದು ಕರ್ನಾಟಕದಲ್ಲೇ. ಆದರೂ ಗಿಣಿಗೇರಾದಲ್ಲಿ ಬೀಗರು ಬಂದರೆ ಒಲೆ ಏರುವುದು ಚಹಾ, ಅವರು ಹೋದಮೇಲೆ ಅವರ ಬಗ್ಗೆ ಮಾತಾಡಲು ಏರುವುದೂ ಚಹಾ. ಇಂಥ ಮನೆಯ ಮಗ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಎಸ್ಪ್ರೆಸೊ ಯಂತ್ರ ಕೊಂಡಾಗ, ಮನೆಯಲ್ಲಿ ಇದು ತಿಳಿದವನು ತಾನೊಬ್ಬನೇ ಎಂದುಕೊಳ್ಳುವುದು ಸಹಜ. ಆ ನಂಬಿಕೆ ವಾರ ಬಾಳುವುದಿಲ್ಲ.

ಉಕ್ಕಿನ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದ ತಂದೆ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ‘15 ಬಾರ್’ ಓದಿ ಮೊದಲು ಕೇಳುವುದು: "ಲೇ ತಮ್ಮಾ, ಇಷ್ಟ್ ಪ್ರೆಶರ್ ಅಡಿಗಿಮನ್ಯಾಗ ಯಾಕ? ಸೇಫ್ಟಿ ವಾಲ್ವ್ ಎಲ್ಲೈತಿ?" ಪ್ರಶ್ನೆ ಸರಿಯಾದದ್ದೇ. 15 ಬಾರ್ ಎಂಬುದು ಪಂಪಿನ ತಾಕತ್ತು. ಪುಡಿಗೆ ಬೇಕಾದದ್ದು 9. ಒಳ್ಳೆಯ ಯಂತ್ರಗಳಲ್ಲಿ ಹೆಚ್ಚಿನ ಒತ್ತಡವನ್ನು ಹೊರಬಿಡಲು ಒಂದು ವಾಲ್ವ್ ಇದ್ದೇ ಇರುತ್ತದೆ. 1901ರಲ್ಲಿ ಮಿಲಾನಿನ ಲುಯಿಜಿ ಬೆಝೆರಾ ಪೇಟೆಂಟ್ ಪಡೆದ ಯಂತ್ರ ಬರೀ ಉಗಿಯ ಬಲದ್ದು, ಒಂದೂವರೆ ಬಾರ್ ಆಸುಪಾಸಿನದು. 1948ರ ಹೊತ್ತಿಗೆ ಅಕಿಲೆ ಗಾಜ್ಜಿಯಾ ಸನ್ನೆ ಮತ್ತು ಸ್ಪ್ರಿಂಗಿನಿಂದ ಒತ್ತಡ ಏರಿಸಿದ ಮೇಲೆಯೇ ಕಾಫಿಯ ಮೇಲೆ ಕಂದುಬಣ್ಣದ ಬುರುಗು, ಅಂದರೆ ಕ್ರೆಮಾ, ಕಾಣಿಸಿಕೊಂಡದ್ದು. ಕ್ರೆಮಾ ದಟ್ಟವಾಗಲೆಂದು ಇಟಲಿಯವರು ಮಿಶ್ರಣಕ್ಕೆ ರೊಬಸ್ಟಾ ಸೇರಿಸುತ್ತಾರೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವವರಲ್ಲಿ ಇಟಲಿ ಮುಂಚೂಣಿಯಲ್ಲಿದೆ. ಹೀಗಾಗಿ ಎಡಿಸನ್ನಿನಲ್ಲಿ ಡಾಲರ್ ಸುರಿದು ತಂದ ಇಟಾಲಿಯನ್ ಪೊಟ್ಟಣದೊಳಗೆ ಕೊಡಗಿನ ಬೀಜ ಇರಬಾರದೆಂದೇನೂ ಇಲ್ಲ.

ಕಾಫಿ ಕೆಡುವುದು ಹೆಚ್ಚಾಗಿ ಯಂತ್ರದಲ್ಲಲ್ಲ, ಬೀಸುವುದರಲ್ಲಿ. ಇದ್ದಬದ್ದ ದುಡ್ಡನ್ನೆಲ್ಲ ಯಂತ್ರಕ್ಕೆ ಸುರಿದು, ಬೀಜವನ್ನು ಊರಿನ ಮಿಕ್ಸಿಗೆ ಹಾಕುವುದು ರೂಢಿ. ಮಿಕ್ಸಿಯ ಬ್ಲೇಡು ಬೀಸುವುದಿಲ್ಲ, ಕಡಿಯುತ್ತದೆ. ಹಿಟ್ಟೂ ಚೂರೂ ಒಂದೇ ಜಾರಿನಲ್ಲಿ ಕೂಡಿ, ನೀರು ಚೂರುಗಳ ಸಂದಿಯಿಂದ ನುಗ್ಗಿ, ಹತ್ತೇ ಸೆಕೆಂಡಿನಲ್ಲಿ ಹುಳಿ ಹುಳಿ ಕಾಫಿ ಬಟ್ಟಲು ತುಂಬುತ್ತದೆ. ಹಿಂದಿನ ದಿನ ಅದೇ ಜಾರಿನಲ್ಲಿ ಗುರೆಳ್ಳು ಹಿಂಡಿ ಆಗಿದ್ದರೆ ಅದರ ಘಮವೂ ಜೊತೆಗಿರುತ್ತದೆ.

ಬೇಕಾದದ್ದು ಬರ್ ಗ್ರೈಂಡರ್. ಎರಡು ಹಲ್ಲಿನ ಬಿಲ್ಲೆಗಳ ನಡುವಿನ ಸಂದಿಯಲ್ಲಿ ಬೀಜ ಬೀಸುವ ಇದು ಊರಿನ ಜೋಳದ ಗಿರಣಿಯ ಮರಿ. ಇಲ್ಲಿ ಅಧಿಕಾರ ತಾಯಿಯದು. ಗಿರಣಿಯ ಬಾಯಿಗೆ ಕೈಯೊಡ್ಡಿ, ಬೆಚ್ಚನೆಯ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ರೊಟ್ಟಿ ಹರಿಯುತ್ತದೋ ಇಲ್ಲವೋ ಎಂದು ಹೇಳಬಲ್ಲವರು ಕಾಫಿಪುಡಿಯನ್ನೂ ಹಾಗೇ ತಿಕ್ಕಿ ನೋಡುತ್ತಾರೆ. "ನುಚ್ಚಾಗೇತಪಾ. ಕಲ್ಲು ಬಿಗಿ ಮಾಡು." ಒಂದು ಗೆರೆ ಬಿಗಿ ಮಾಡಿದರೆ 19 ಸೆಕೆಂಡು, ಇನ್ನೊಂದು ಗೆರೆಗೆ 28. ಅತಿಯಾಗಿ ಬಿಗಿಯಾದರೆ 45 ಸೆಕೆಂಡು ತೊಟ್ಟಿಕ್ಕಿ ನಾಲಿಗೆ ಕಹಿಯಾಗುತ್ತದೆ. ಮಗ ನೋಡಿದ ಅಷ್ಟೂ ವಿಡಿಯೊಗಳು ಹೇಳುವುದು ಇಷ್ಟನ್ನೇ, ಜಾಹೀರಾತಿನ ಸಮೇತ.

ಪುಡಿ ಒತ್ತುವಾಗ ಬಲಕ್ಕಿಂತ ಸಮತಟ್ಟು ಮುಖ್ಯ, ಓರೆಯಾದರೆ ನೀರು ಒಂದೇ ಬದಿಗೆ ಓಡುತ್ತದೆ. ಯಂತ್ರ ಕಾಯಲು ಕಾಲುಗಂಟೆಯಾದರೂ ಬೇಕು. ಇದು ತಂದೆಯ ಫಸ್ಟ್ ಶಿಫ್ಟು. ಅವರು ಇಟ್ಟ ಲಾಗ್‌ಬುಕ್ಕಿನಲ್ಲಿ ವೇಳೆ, ಗ್ರಾಂ, ಸೆಕೆಂಡು, ಕೊನೆಗೊಂದು ಷರಾ ಕಾಲಂ. "ಷರಾ: ಹುಳಿ." "ಷರಾ: ಕಹಿ, ಸೊಸೆಗೆ ತಡ." ಒಂದು ಸಲಕ್ಕೆ ಒಂದನ್ನೇ ಬದಲಿಸಿ ಬರೆದಿಡುವುದಕ್ಕಿಂತ ಒಳ್ಳೆಯ ವಿಧಾನ ಈ ವಿದ್ಯೆಯಲ್ಲಿಲ್ಲ.

ಕುಡಿಯುವುದರಲ್ಲಿ ಮಾತ್ರ ತೊಡಕು. ಚಹಾದ ರೂಢಿಯಂತೆ ಬಸಿಗೆ ಸುರಿದರೆ 36 ಗ್ರಾಂ ಬಸಿಯ ತಳ ಒದ್ದೆ ಮಾಡಿ ಮುಗಿಯುತ್ತದೆ. "ಇದು ರುಚಿ ನೋಡಾಕ ಕೊಟ್ಟಿದ್ದೇನು? ಕುಡಿಯಾಕ ಯಾವಾಗ ಕೊಡ್ತಿ?" ಎಂದು ತಾಯಿ ಕೇಳಿದಾಗ ಹಾಲಿನ ಅಧ್ಯಾಯ ಶುರು. ಉಗಿನಳಿಗೆಯಿಂದ ಹಾಲನ್ನು 60–65 ಡಿಗ್ರಿಯವರೆಗೆ ಕಾಸಬೇಕು. 70 ದಾಟಿದರೆ ನೊರೆ ಒರಟಾಗಿ ಹಾಲಿನ ಸಿಹಿ ಕೆಡುತ್ತದೆ. ಉಕ್ಕದ ಹಾಲು ಹಸಿ ಹಾಲು ಎಂಬುದು ಅತ್ತೆಯ ಸಿದ್ಧಾಂತ, ಥರ್ಮಾಮೀಟರ್ ಸೊಸೆಯದು. ಬಹಳ ಮನೆಗಳಲ್ಲಿ ಎರಡು ಪಾತ್ರೆ ಇಟ್ಟು ಇದನ್ನು ಇತ್ಯರ್ಥಗೊಳಿಸಲಾಗಿದೆ.

ಗಡಸುನೀರು ಯಂತ್ರದ ಒಳಗೆ ಬಿಳಿ ಪದರು ಕಟ್ಟುತ್ತದೆ. ಬೋರಿನ ನೀರು ಕಾಸಿ ಹಂಡೆಯ ತಳ ಕೆರೆದವರಿಗೆ ಇದು ಹೊಸದಲ್ಲ. ಫಿಲ್ಟರ್ ನೀರು ಬಳಸಿ, ಯಂತ್ರದ ಕೈಪಿಡಿ ಒಪ್ಪಿದರೆ ಆಗಾಗ ಸಿಟ್ರಿಕ್ ಆಮ್ಲದ ದ್ರಾವಣ ಹಾಯಿಸಿದರೆ ಸಾಕು.

ವೀಸಾ ಅವಧಿ ಮುಗಿಯುತ್ತ ಬಂದಾಗ ಯಂತ್ರವನ್ನು ಗಿಣಿಗೇರಾಕ್ಕೆ ಒಯ್ಯುವ ಮಾತು ಏಳುತ್ತದೆ. ಅಮೆರಿಕದ ಯಂತ್ರ 120 ವೋಲ್ಟಿನದು, ಊರಿನ ಕರೆಂಟು 230. ಟ್ರಾನ್ಸ್‌ಫಾರ್ಮರ್ ಇಟ್ಟರೂ 60 ಹರ್ಟ್ಸ್‌ಗೆಂದು ಮಾಡಿದ ಪಂಪು 50ರಲ್ಲಿ ಸರಿಯಾಗಿ ಓಡುವುದಿಲ್ಲ. ಗ್ಯಾಸ್ ಒಲೆಯ ಮೇಲೆ ಕೂರುವ ಮೋಕಾ ಪಾತ್ರೆ, ಇಟಲಿಯಲ್ಲಿ 1933ರಿಂದ ಇರುವುದು, ಒಯ್ಯಲು ಸುಲಭ. ಒತ್ತಡ ಕಡಿಮೆಯಾದ್ದರಿಂದ ಅದರ ಕಾಫಿಯನ್ನು ಎಸ್ಪ್ರೆಸೊ ಎಂದು ತಂದೆ ಲಾಗ್‌ಬುಕ್ಕಿನಲ್ಲಿ ಬರೆಯುವುದಿಲ್ಲ. ಚಿಕೋರಿ ಬೆರೆಸದ ಪುಡಿಯನ್ನು ಚಿಕ್ಕಮಗಳೂರಿನಿಂದ ತರಿಸಿಕೊಳ್ಳಬಹುದು. 23 ಕಿಲೋ ಬ್ಯಾಗಿನಲ್ಲಿ ಯಂತ್ರಕ್ಕೆ ಬೇಕಾಗುತ್ತಿದ್ದ ಜಾಗ ಬಾದಾಮಿ ಪೊಟ್ಟಣಗಳಿಗೆ ಮೊದಲೇ ಮೀಸಲಾಗಿರುತ್ತದೆ.